ಐದನೆಯವಳು

ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡಿದ್ದ ಬಡಗಿಯ ಮೊಣಕೈಯನ್ನು ದಾವಿದಪ್ಪ ಹಿಡಿದು ನಿಲ್ಲಿಸಿದ.

"ಅದನ್ನ ಗ್ವಾಡಿಗೆ ಆನಿಸಿ ಇಡು. ನಾವಿನ್ನೂ ಕೂತಿಲ್ಲ."

ತುಟಿಗಳ ನಡುವೆ ಮೊಳೆ ಕಚ್ಚಿಕೊಂಡಿದ್ದ ಬಡಗಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅರ್ಥವಾಯಿತು. ಈ ಚಾಳಿನವರಿಗೆ ಅವನು ಮೊದಲೂ ಪೆಟ್ಟಿಗೆ ಮಾಡಿಕೊಟ್ಟಿದ್ದ. ಮುಚ್ಚಳವನ್ನು ಗೋಡೆಗೆ ಒರಗಿಸಿ, ಬೀಡಿ ಹಚ್ಚಿಕೊಳ್ಳಲು ಹೊರಗೆ ಹೋದ.

ಸಿಸಿಲಿ ತಲೆ ಎತ್ತಲಿಲ್ಲ. ಅತ್ತೆಯ ಬೆರಳುಗಳಿಗೆ ಜಪಸರ ಸುತ್ತುತ್ತಿದ್ದಳು. ಬೆರಳುಗಳು ಆಗಲೇ ಸೆಟೆದುಕೊಂಡಿದ್ದವು. ಬೆಳಗಿನ ಪ್ಯಾಸೆಂಜರ್ ಗಾಡಿ ಘೋರ್ಪಡಿ ದಾಟುವ ಹೊತ್ತಿಗೆ ಬ್ರಿಜಿತವ್ವನ ಉಸಿರು ನಿಂತಿತ್ತು. ಆಗಿನಿಂದ ಸಿಸಿಲಿ ನೀರು ಕಾಯಿಸಿದ್ದಳು, ಮೈ ತೊಳೆದಿದ್ದಳು, ದವಡೆಗೆ ಬಟ್ಟೆ ಕಟ್ಟಿದ್ದಳು. ದೊಡ್ಡ ಮೈಯ ಹೆಂಗಸು. ಹೊರಳಿಸಲು ಪಕ್ಕದ ಮನೆಯ ಗೋದಾಬಾಯಿಯ ಕೈಯೂ ಬೇಕಾಗಿತ್ತು. ಗೋದಾಬಾಯಿ ಧಾರವಾಡದ ಕಡೆಯವರು, ಹಿಂದೂಗಳು. ಸಿಸಿಲಿಯ ಎರಡು ಮಕ್ಕಳು ಬೆಳಗಿನಿಂದ ಅವರ ಮನೆಯಲ್ಲೇ ಇದ್ದವು.

ಇನ್ನೇನು ಮುಗಿಯಿತು ಎಂದು ಸಿಸಿಲಿ ಅಂದುಕೊಂಡಿದ್ದಳು. ಮುಗಿದಿರಲಿಲ್ಲ. ಅದೂ ಅವಳಿಗೆ ಗೊತ್ತೇ ಇತ್ತು.

ಹುಬ್ಬಳ್ಳಿ, ಬೆಟಗೇರಿಗಳಿಂದ ರೈಲ್ವೆಯ ಬೆನ್ನು ಹತ್ತಿ ಪುಣೆಗೆ ಬಂದ ಕಥೋಲಿಕ ಮನೆಗಳು ಆ ಚಾಳಿನಲ್ಲಿದ್ದವು. ಸುತ್ತಲಿನ ಮರಾಠಿ ಜನ ಅದನ್ನು ಕಾನಡಿ ಚಾಳ ಎನ್ನುತ್ತಿದ್ದರು. ಚಾಳಿನ ಕೊನೆಗೆ ತಗಡು ಹೊದಿಸಿದ ಸಣ್ಣ ದೇವಾಲಯ. ಹಿಂದಿನ ಯುದ್ಧದಲ್ಲಿ ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದುಕೊಂಡು ಹೋದಾಗ ಇಲ್ಲಿಯ ಪಾದ್ರಿಯೂ ಹೋದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, ಇನ್ನು ಯಾರೂ ಒಬ್ಬರೇ ಏನನ್ನೂ ಮಾಡಬೇಡಿ, ಐದು ಮಂದಿ ಕೂತು ಮಾಡಿ ಎಂದು ಹೇಳಿ ಹೋದರಂತೆ. ಅಂದಿನಿಂದ ಐವರು ಜಮಖಾನೆ ಹಾಸಿ ಕೂರುತ್ತಾರೆ. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಒಪ್ಪಿದವರು ಕೂತಿರಬೇಕು, ಒಪ್ಪದವರು ಎದ್ದು ನಿಲ್ಲಬೇಕು. ಒಬ್ಬರು ನಿಂತಿರುವ ತನಕವೂ ತೀರ್ಮಾನವಿಲ್ಲ. ಬಾಗಿಲು ತೆರೆದ ಮೇಲೆ ಯಾರು ಕೂತಿದ್ದರು, ಯಾರು ನಿಂತಿದ್ದರು ಎಂದು ಯಾರಿಗೂ ಹೇಳುವಂತಿಲ್ಲ. ಮಾತು ಐವರದೂ.

ಐವರಲ್ಲಿ ಒಬ್ಬರು ಸತ್ತರೆ ಹೆಣ ಎತ್ತುವ ಮೊದಲೇ ಹೊಸಬರನ್ನು ಹೆಸರಿಸಬೇಕು. ಇದು ಹಿಂದಿನ ಯುದ್ಧ ಮುಗಿಯುವ ಹೊತ್ತಿಗೆ ಊರೂರಲ್ಲಿ ಜನ ಸತ್ತ ಆ ಇನ್‌ಫ್ಲುಯೆಂಜಾ ಜ್ವರದ ವರ್ಷ ಬಂದ ಪದ್ಧತಿ. ಮಣ್ಣು ಮಾಡಿ ಬಂದು ಕೂರೋಣ ಎಂದವರು ಕೂರುವಷ್ಟರಲ್ಲಿ ಮತ್ತೊಬ್ಬರು ಹೋಗಿರುತ್ತಿದ್ದರು. ಈ ಒಂದು ಕೂಟ ಮಾತ್ರ ಎಲ್ಲರ ಎದುರಿಗೆ ನಡೆಯುತ್ತದೆ. ಉಳಿದದ್ದೆಲ್ಲ ಬಾಗಿಲು ಹಾಕಿಕೊಂಡು.

ಪಡಸಾಲೆಯಲ್ಲಿ ಪೆಟ್ಟಿಗೆಯ ಪಕ್ಕ ಜಮಖಾನೆ ಬಿತ್ತು. ಬ್ರಿಜಿತವ್ವನನ್ನು ಬಿಟ್ಟು ಉಳಿದ ನಾಲ್ವರು ಅದರ ಮೇಲೆ ಕೂತರು. ಸಿಸಿಲಿ ಎದ್ದು ಒಳಮನೆಯ ಹೆಂಗಸರ ನಡುವೆ ಹೋಗಿ ಗೋಡೆಗೆ ಒರಗಿದಳು. ಇದೊಂದು ಸಲ, ಎಂದುಕೊಂಡಳು. ಆಮೇಲೆ ಈ ಜಮಖಾನೆ ಈ ಮನೆಯಿಂದ ಹೋಗುತ್ತದೆ.

ಹೊರಗೆ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಫಾದರ್ ಲಿಗೋರಿಯ ದನಿ ಕಿಟಕಿಯಲ್ಲಿ ಕೇಳುತ್ತಿತ್ತು. ಮಂಗಳೂರು ಕಡೆಯವರು. ಮತ್ತೆ ಯುದ್ಧ ಬಂದು, ಜರ್ಮನ್ ಪಾದ್ರಿಗಳು ಮತ್ತೆ ಹೋಗಿ, ಮೂರು ದೇವಾಲಯ ಅವರೊಬ್ಬರ ತಲೆಯ ಮೇಲೆ ಬಿದ್ದಿದ್ದವು. ಇಲ್ಲಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ.

"ಹೆಣ ಸೆಕೆಯಲ್ಲಿ ಇಟ್ಟುಕೊಂಡು ಎಂತ ಮೀಟಿಂಗು ಮಾರಾಯ್ರೆ ಇದು?"

"ಅವರ ಪದ್ಧತಿ ಅದ ರೀ ಫಾದರ್," ಎಂದರು ಚಹಾ ತಂದ ಗೋದಾಬಾಯಿ. "ಐದು ಮಂದಿ ಆಗೂತನಕಾ ಅವರು ಉಗುರೂ ತಗಿಯೂದಿಲ್ಲ. ಚಹಾ ತೊಗೋರಿ, ಆರ್ತದ."

"ಪಾದ್ರಿ ನಾನಾ, ನೀವಾ?"

"ಪಾದ್ರಿ ನೀವ ರೀ. ಆದ್ರ ಜಮಖಾನಿ ಮ್ಯಾಲ ನಿಮಗ ಜಾಗಾ ಇಲ್ಲ."

ಫಾದರ್ ನಕ್ಕರು. ದಣಿದವರ ನಗು. ಬಾಗಿಲಿಗೆ ಬಂದು ಒಳಗೆ ಇಣುಕಿ ಹೇಳಿದರು: "ನೋಡಿ, ಮಗ ಇದ್ದಾನಲ್ಲ. ತಾಯಿಯ ಜಾಗಕ್ಕೆ ಮಗ. ಅದರಲ್ಲಿ ಆಲೋಚಿಸುವುದು ಎಂತ ಉಂಟು? ಸಂಜೆ ನನಗೆ ಖಡಕಿಯಲ್ಲಿ ಒಂದು ಮದುವೆ ಮಾಡಿಸಲಿಕ್ಕುಂಟು."

ದಾವಿದಪ್ಪ ತಲೆ ಆಡಿಸಿದ. ಲಾಜರಪ್ಪ, ಮಾರ್ಕಪ್ಪ ಅಣ್ಣತಮ್ಮಂದಿರೂ ತಲೆ ಆಡಿಸಿದರು. ಒಬ್ಬ ಕೆಮ್ಮಿದರೆ ಇನ್ನೊಬ್ಬನೂ ಕೆಮ್ಮುವ ಜೋಡಿ ಅದು. ಸಿಸಿಲಿಯ ಗಂಡ ಪ್ರಕಾಸಪ್ಪ ಕಂಬದ ಬಳಿ ನಿಂತು ನೆಲ ನೋಡುತ್ತಿದ್ದ. ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಇವನಿಗೆ ಬೇಡ ಎನ್ನಲೂ ಬರುವುದಿಲ್ಲ, ಹೂಂ ಎನ್ನಲೂ ಬರುವುದಿಲ್ಲ ಎಂದು ಸಿಸಿಲಿಗೆ ಗೊತ್ತಿತ್ತು. ಆಗಲಿ, ಅವನೇ ಆಗಲಿ. ಅವನಾದರೆ ಜನ ಅವನನ್ನು ಹುಡುಕಿಕೊಂಡು ಶೆಡ್ಡಿಗೆ ಹೋಗುತ್ತಾರೆ, ಮನೆಗೆ ಬರುವುದಿಲ್ಲ.

ಆಗ ಚೌರಪ್ಪಜ್ಜ ಕೋಲೂರಿ ಎದ್ದು ನಿಂತ.

"ಏನಜ್ಜಾ, ಕಾಲು ಜೋಮು ಹಿಡದಾವೇನು?" ಎಂದ ದಾವಿದಪ್ಪ.

"ಕಾಲು ಛಲೋ ಅದಾವ. ನಿಂತೀನಿ."

ಒಳಮನೆಯಲ್ಲಿ ಯಾರೋ, "ಹೋತು ಬಿಡ್ರಿ, ಇನ್ನ ಮಧ್ಯಾಹ್ನ ಆತು," ಎಂದಳು.

*

ಒಂಬತ್ತರ ಹುಡುಗಿ ಸಿಸಿಲಿ ದೇವಾಲಯದ ಮೆಟ್ಟಿಲ ಮೇಲೆ ಅವ್ವನ ಮೊಣಕಾಲಿಗೆ ಒರಗಿ ಕೂತಿದ್ದಳು. ಜ್ವರದ ವರ್ಷ. ಅಪ್ಪ ಹೋಗಿ ಹದಿನೈದು ದಿನವಾಗಿತ್ತು. ಅವನಿಗೆ ಪಾದ್ರಿಯ ಪ್ರಾರ್ಥನೆ ಸಿಕ್ಕಿರಲಿಲ್ಲ. ದಂಡು ಪ್ರದೇಶದ ಕ್ಯಾಂಪಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿಯೂ ಜ್ವರ ಬಂದು ಮಲಗಿಬಿಟ್ಟಿದ್ದರು. ಗಾಡಿಯಲ್ಲಿ ಹಾಕಿ, ಮಣ್ಣಲ್ಲಿ ಇಟ್ಟು ಬಂದಿದ್ದರು, ಅಷ್ಟೆ. ಮಾರನೆಯ ದಿನ ಸತ್ತವರ ಹಬ್ಬ. ಅಂದಾದರೂ ಎಲ್ಲರೂ ಸೇರಿ ಜಪಸರ ಹೇಳಿ ಸತ್ತವರಿಗಾಗಿ ಬೇಡಿಕೊಳ್ಳಬೇಕೆಂದು ಅರ್ಧ ಚಾಳು ಹೇಳುತ್ತಿತ್ತು. ಗುಂಪು ಸೇರಬೇಡಿ ಎಂದು ಮುನಸಿಪಾಲ್ಟಿಯವರು ಡಂಗುರ ಸಾರಿದ್ದರು.

ಒಳಗೆ ಐವರು ಕೂತಿದ್ದರು. ಬಾಗಿಲು ಹಾಕಿತ್ತು. ಐವರಲ್ಲಿ ಬ್ರಿಜಿತವ್ವ ಹೊಸಬಳು. ಅವಳ ಗಂಡ ಆ ಜಮಖಾನೆಯ ಮೇಲಿದ್ದವನು, ಆ ತಿಂಗಳೇ ಹೋಗಿದ್ದ. ಅವನ ಜಾಗಕ್ಕೆ ಕೂರಲು ತಾಕತ್ತಿದ್ದ ಗಂಡಸು ಯಾರೂ ಉಳಿದಿರದ್ದರಿಂದ ಅವಳ ಹೆಸರು ಹೇಳಿದ್ದರು.

"ತೆರೀತಾರ," ಎನ್ನುತ್ತಿದ್ದಳು ಅವ್ವ. "ತೆರಿಲಾರದ ಏನು ಮಾಡ್ತಾರ. ನಿಮ್ಮಪ್ಪನ ಹೆಸರಿಲೆ ಒಂದು ಮೇಣಬತ್ತಿ ಹಚ್ಚೂದದ ನಂಗ."

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಬ್ರಿಜಿತವ್ವ ಒಬ್ಬಳೇ ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ, ನಾಳೆ ಎಲ್ಲರೂ ಸೇರಬಹುದು ಎಂದು ಸಾರುವ ಗಂಟೆಯ ಹಗ್ಗಕ್ಕೆ ಕೈ ಹಾಕಿದಳು.

ಮರುದಿನ ಎಲ್ಲರೂ ಬಂದರು. ಶಾಲು ಹೊದ್ದು, ಕೆಮ್ಮುತ್ತ, ಹೆಗಲಿಗೆ ಹೆಗಲು ತಾಗಿಸಿ ಕೂತರು. ಹಾಗೆ ಅತ್ತದ್ದನ್ನು ಸಿಸಿಲಿ ಮತ್ತೆ ಎಂದೂ ಕೇಳಲಿಲ್ಲ. ಅವ್ವ ಮೇಣಬತ್ತಿ ಹಚ್ಚಿದಳು. ಆಮೇಲೆ ಒಂದು ವಾರದೊಳಗೆ ಅವ್ವನೂ ಹೋದಳು. ಅವಳ ಹಿಂದೆ ಮುಂದೆ ಎಷ್ಟೋ ಮಂದಿ ಹೋದರು. ಗಂಟೆ ಬಾರಿಸಿದ್ದು ಬ್ರಿಜಿತವ್ವ ಎಂದು ಜನ ಅಂದರು. ಬಾವಿಯ ಕಟ್ಟೆಯಲ್ಲಿ ಅವಳು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಳ್ಳುತ್ತಿದ್ದರು. ಒಂದು ದಿನ ಅವಳು ಸಿಸಿಲಿಯ ಕೈ ಹಿಡಿದುಕೊಂಡು ಮನೆಗೆ ಕರೆತಂದಳು. ರೊಟ್ಟಿ ಬಡಿಯಲು ಕಲಿಸಿದಳು, ತಲೆ ಬಾಚಿದಳು. ಹದಿನೇಳಕ್ಕೆ ತನ್ನ ಮಗನಿಗೇ ಮಾಡಿಕೊಂಡಳು.

*

ಅತ್ತೆ ತನ್ನನ್ನು ಮನೆಗೆ ತಂದದ್ದು ಕರುಣೆಯೋ, ಋಣವೋ. ಈ ಒಂದು ಪ್ರಶ್ನೆ ಸಿಸಿಲಿಯನ್ನು ವರ್ಷಗಟ್ಟಲೆ ಬಿಟ್ಟಿರಲಿಲ್ಲ. ಒಮ್ಮೆ ಇಬ್ಬರೂ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ ಕೇಳಿಯೇ ಬಿಟ್ಟಿದ್ದಳು.

"ಅತ್ತೀ, ಅವತ್ತ ಬಾಗಲಾ ತೆರಿಯೂ ಮಾತಿಗೆ ನೀವು ಮೊದಲಿಂದ ಕೂತಿದ್ರ್ಯೋ, ಎದ್ದು ನಿಂತಿದ್ರ್ಯೋ?"

ಬ್ರಿಜಿತವ್ವನ ಬೆರಳು ಕಾಳಿನ ಮೇಲೆ ನಿಂತವು. ಮತ್ತೆ ಆಡತೊಡಗಿದವು.

"ಐದೂ ಮಂದಿ, ಸಿಸಿಲಿ."

"ನಂಗ ಹೇಳಿದ್ರ ಏನಾಕ್ಕದ? ನಾ ನಿಮ್ಮ ಸೊಸಿ."

"ಸೊಸಿ ಅಂತನ ಹೇಳಾಂಗಿಲ್ಲ."

ಹೇಳಲಿಲ್ಲ. ಒಂದು ಕೈ, ಒಂದು ಕಾಲು ಬಿದ್ದು ಹಾಸಿಗೆ ಹಿಡಿದ ಮೇಲೂ ಹೇಳಲಿಲ್ಲ. ಐವರು ಬೇಕೆಂದು ನಾಲ್ವರೂ ಅವಳ ಹಾಸಿಗೆಯ ಪಕ್ಕಕ್ಕೇ ಬಂದು ಕೂರುತ್ತಿದ್ದರು. ನಿಲ್ಲಲಾಗದವಳು ಒಪ್ಪದಿದ್ದರೆ ಒಳ್ಳೆಯ ಕೈಯನ್ನು ಎತ್ತಬೇಕು ಎಂದು ಅವಳಿಗೊಂದು ಸವಲತ್ತು ಮಾಡಿದ್ದರಂತೆ. ಅವರು ಬಂದಾಗಲೆಲ್ಲ ಸಿಸಿಲಿ ಚಹಾ ಇಟ್ಟು ಹೊರಗೆ ಹೋಗಬೇಕು. ತನ್ನ ಮನೆಯಿಂದ ತಾನು ಹೊರಗೆ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಅಂಗಳದಲ್ಲಿ ನಿಂತಿರಬೇಕು. ಅವರು ಹೋದ ಮೇಲೆ ಬೇರೆಯವರು. ಗಂಡನಿಂದ ಹೊಡೆಸಿಕೊಂಡವಳು, ಸಾಯುತ್ತಿರುವ ಕೂಸಿಗೆ ಜ್ಞಾನಸ್ನಾನ ಕೊಡಲು ಬನ್ನಿ ಎನ್ನುವವರು, ಮೆರವಣಿಗೆಯಲ್ಲಿ ಮಾತೆಯ ಮೂರ್ತಿ ಯಾರು ಹೊರಬೇಕೆಂದು ಜಗಳವಾಡಿಕೊಂಡು ಬಂದವರು. ಹಾಸಿಗೆ ಹಿಡಿದವಳು ಎದ್ದು ಹೋಗಲಾರಳು, ಸಿಸಿಲಿ ಹೋಗಬೇಕು. ಹೋಗಿ, ನೋಡಿ, ಬಂದು ಹೇಳಬೇಕು.

ಅವಳಿಗೆ ಬೇಕಾಗಿದ್ದುದು ಹೆಚ್ಚೇನಿಲ್ಲ. ತನ್ನ ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಳ್ಳುವುದು. ಹಾಕಿಕೊಂಡು ಮಲಗುವುದು.

*

"ಪ್ರಕಾಸ ಛಲೋ ಹುಡುಗ," ಎನ್ನುತ್ತಿದ್ದ ಚೌರಪ್ಪಜ್ಜ. ಕೋಲಿನ ಮೇಲೆ ಎರಡೂ ಕೈ ಊರಿದ್ದ. "ಆದ್ರ ಯಾರ ಮನ್ಯಾಗ ಒಲಿ ಹತ್ತಿಲ್ಲ ಅಂತ ಅವಂಗ ಗೊತ್ತಾಗ್ತದೇನು? ಈ ಒಂದು ವರ್ಷ ಅವ್ವನ ಕೆಲಸ ಮಾಡಿದಾಕಿ ಯಾರು? ಸಿಸಿಲಿ. ನಾ ಅಕಿ ಹೆಸರು ಹೇಳ್ತೀನಿ."

ಒಳಮನೆಯ ಹೆಂಗಸರೆಲ್ಲ ಒಮ್ಮೆಗೇ ಸಿಸಿಲಿಯ ಕಡೆ ತಿರುಗಿದರು.

ಮಾತು ಮುಗಿಸಿ ಅಜ್ಜ ಕೂತ. ಅವನು ಕೂತದ್ದೇ ದಾವಿದಪ್ಪ ಎದ್ದ.

"ಹೆಂಗಸರ ಕೈಯಾಗ ಕೊಟ್ಟು ಒಮ್ಮೆ ನೋಡೇವಲ್ಲ," ಎಂದ. "ಗಂಟಿ ಬಾರಿಸಿದ್ದಕ್ಕ ಚಾಳ ಅರ್ಧಾ ಖಾಲಿ ಆತು. ನಮ್ಮವ್ವನೂ ಹೋದ್ಲು ಅದ್ರಾಗ."

ಪೆಟ್ಟಿಗೆಯಲ್ಲಿ ಬ್ರಿಜಿತವ್ವ ದವಡೆಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು. ಪ್ರಕಾಸಪ್ಪ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಬಂದು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತ.

ಸಿಸಿಲಿ ಎದ್ದದ್ದು ಒಲ್ಲೆ ಎನ್ನುವುದಕ್ಕೆ. ಹೊಸ್ತಿಲು ದಾಟಿ ಬರುವಾಗಲೂ ಅದೇ ಮಾತು ಬಾಯಲ್ಲಿತ್ತು. "ನಾ ಒಲ್ಲೆ ರೀ," ಎಂದಳು ಕೂಡ. ಆದರೆ ಅಲ್ಲಿಗೆ ನಿಲ್ಲಲಿಲ್ಲ.

"ನಾ ಒಲ್ಲೆ. ನೀವು ಯಾರನ್ನರ ಮಾಡಕೋರಿ. ಆದ್ರ ಒಂದು ಕೇಳ್ತೀನಿ. ಅವತ್ತ ಕೂತ ಐದು ಮಂದ್ಯಾಗ ಈಗ ಚೌರಪ್ಪಜ್ಜಾರು ಒಬ್ಬರ ಉಳದಾರ. ಅಜ್ಜಾರ, ಆ ವಾರದಾಗ ನನ್ನ ಅವ್ವನೂ ಹೋದ್ಲು. ಇಕಿ ಮಣ್ಣಿಗೆ ಹೋಗೂ ಮುಂದರ ಹೇಳ್ರಿ. ಇಕಿ ಕೂತಿದ್ಲೋ, ನಿಂತಿದ್ಲೋ?"

ಫಾದರ್ ಲಿಗೋರಿ ಚಹಾದ ಬಟ್ಟಲನ್ನು ಕಿಟಕಿಯ ಮೇಲೆ ಇಟ್ಟರು.

"ಹೇಳಾಂಗಿಲ್ಲ ಮಗಳ," ಎಂದ ಅಜ್ಜ.

"ಯಾಕ ಹೇಳಾಂಗಿಲ್ಲ? ಸತ್ತಾಳಲ್ಲ. ಇನ್ನ ಯಾರಿಗೇನಾಗೂದದ?"

"ಇವತ್ತ ನಾ ಹೇಳಿದ್ನೆಪಾ ಅಂದ್ರ, ನಾಳಿಗೆ ಯಾರೂ ಎದ್ದು ನಿಲ್ಲೂದಿಲ್ಲ. ಹೊರಗ ನನ್ನ ಹೆಸರು ಬರ್ತದ ಅಂತ ಗೊತ್ತಾದ್ರ ಯಾವ ಮನಿಷ್ಯಾ ಎದ್ದಾನು? ಎಲ್ಲಾರೂ ಕೂತ ಇರ್ತಾರ. ಎಲ್ಲಾರೂ ಕೂತ್ರ ಮುಗೀತಲ್ಲ, ಐದು ಮಂದಿ ಯಾಕ ಬೇಕು?"

"ಹಂಗಾರ ಇಕಿ ಹೆಸರು ಹೆಂಗ ಬಂತು?" ಸಿಸಿಲಿಯ ದನಿ ಏರಲಿಲ್ಲ. ಏರಿಸುವಷ್ಟು ತ್ರಾಣ ಇರಲಿಲ್ಲ. "ಐದೂ ಮಂದಿ ಅಂತ ಹೇಳಕೋತ ಇಕಿ ಬಾಯಿ ಮುಚಗೊಂಡ ಹೋದ್ಲು. ನೀವೂ ಮುಚಗೊಂಡ್ರಿ. ಬಾವ್ಯಾಗ ಕೊಡ ಎತ್ತಿದ್ದು ಇಕಿ ಒಬ್ಬಾಕಿ ಮುಂದ. ಈಗ ಹೆಣದ ಮುಂದ ದಾವಿದಪ್ಪಣ್ಣ ಅಂದದ್ದೂ ಇಕಿ ಒಬ್ಬಾಕಿಗೆ."

ಅಜ್ಜ ಕೋಲನ್ನು ಮಗ್ಗುಲಿಗೆ ಮಲಗಿಸಿದ. ಹೊರಗೆ ಬಡಗಿ ಯಾರೊಂದಿಗೋ ಮರಾಠಿಯಲ್ಲಿ ಮಾತಾಡುತ್ತಿದ್ದ.

"ಯಾರು ಕೂತ್ರು, ಯಾರು ನಿಂತ್ರು, ಅದನ್ನ ಹೇಳೂದಿಲ್ಲ," ಎಂದ ಕೊನೆಗೆ. "ಮಾತು ಮುಗದ ಮ್ಯಾಲಿಂದು ಹೇಳ್ತೀನಿ. ಅದಕ್ಕ ಬಂಧನ ಇಲ್ಲ. ಮಾತು ಮುಗೀತು. ಗಂಟಿ ಬಾರಿಸಬೇಕು. ಹೊರಗ ಮಂದಿ ಕೂತಾರ. ಬಾರಿಸಿದವರ ಹೆಸರು ಹೇಳ್ತಾರ ಅಂತ ಎಲ್ಲಾರಿಗೂ ಗೊತ್ತಿತ್ತು. ಅಷ್ಟು ಶಾಣ್ಯಾರ ಇದ್ವಿ. ನಾವು ನಾಲ್ಕೂ ಮಂದಿ ಗಂಡಸರು ಕೂತ ಇದ್ವಿ. ಭಾಳ ಹೊತ್ತು ಕೂತಿದ್ವಿ. ಅಕಿ ಎದ್ಲು." ಅವನು ದಾವಿದಪ್ಪನ ಕಡೆ ತಿರುಗಿದ. "ನಿಮ್ಮಪ್ಪ ನನ್ನ ಮಗ್ಗಲಕ್ಕ ಇದ್ದ."

ದಾವಿದಪ್ಪ ಗೋಡೆಗೆ ಒರಗಿದ ಮುಚ್ಚಳವನ್ನು ನೋಡಿದ, ಮೇಲಿನ ತಗಡು ನೋಡಿದ. ಆಮೇಲೆ ಮೆಲ್ಲಗೆ, ಮೊಣಕಾಲು ನೋಯುವವನ ಹಾಗೆ, ಜಮಖಾನೆಯ ಮೇಲೆ ಕೂತ.

ಈಗ ನಾಲ್ವರೂ ಕೂತಿದ್ದರು.

"ಮುಗೀತಲ್ಲ?" ಎಂದರು ಫಾದರ್ ಮೆಲುದನಿಯಲ್ಲಿ, ಗೋದಾಬಾಯಿಗೆ.

"ಅಕಿ ಹೂಂ ಅನಬೇಕಲ್ರಿ."

"ಒಲ್ಲೆ ಅಂದ್ರ ಒಲ್ಲೆ," ಎಂದ ಚೌರಪ್ಪಜ್ಜ. "ಜುಲುಮಿಲ್ಲ. ಇನ್ನೊಂದು ಹೆಸರು ಹುಡುಕತೇವಿ. ಹೊತ್ತು ಹೋದ್ರ ಹೋಗಲಿ."

ಯಾರೂ ಅವಳ ಮುಖ ನೋಡಲಿಲ್ಲ. ಲಾಜರಪ್ಪ ಜಮಖಾನೆಯ ಎಳೆ ಕೀಳುತ್ತಿದ್ದ, ಮಾರ್ಕಪ್ಪನೂ ಒಂದು ಎಳೆ ಹಿಡಿದುಕೊಂಡಿದ್ದ. ನಾಲ್ಕು ಮಂದಿ ಗಂಡಸರು ಯಾರಾದರೂ ಏಳಲಿ ಎಂದು ಕಾಯುತ್ತ ಕೂರುವುದು ಹೇಗಿರುತ್ತದೆ ಎಂದು ಸಿಸಿಲಿ ಮೊದಲ ಸಲ ನೋಡಿದಳು. ಅತ್ತೆಯ ಮುಖದ ಮೇಲೆ ನೊಣವೊಂದು ಕೂತಿತು. ಬಗ್ಗಿ, ಸೆರಗಿನಿಂದ ಅದನ್ನು ಓಡಿಸಿದಳು. ಕೂತವಳೋ, ನಿಂತವಳೋ. ಇನ್ನು ಅದು ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗದೆಯೇ ಬದುಕಬೇಕು. ಗೊತ್ತಿಲ್ಲದೆಯೇ ಇಷ್ಟು ದಿನ ಅವಳಿಗೆ ಅನ್ನ ಉಣಿಸಿದ್ದೆ, ಮಲ ಬಳಿದಿದ್ದೆ ಎಂದುಕೊಂಡಳು. ಕೋಪವಲ್ಲ, ಸುಮ್ಮನೆ ಹಾಗನ್ನಿಸಿತು.

"ಒಂದು ಮಾತು," ಎಂದಳು. "ಇನ್ನ ಮ್ಯಾಲ ಏನು ಠರಾಯಿಸಿದ್ರೂ, ಹೊರಗ ಹೇಳೂದಿದ್ರ ಐದೂ ಮಂದಿ ಹೋಗಿ ಹೇಳೂದು. ಗಂಟಿ ಬಾರಿಸೂದಿದ್ರ ಐದೂ ಮಂದಿ ಬಾರಿಸೂದು. ನಾ ಒಬ್ಬಾಕಿ ಹೋಗೂದಿಲ್ಲ."

"ಒಂದು ಹಗ್ಗಕ್ಕ ಐದು ಮಂದಿ?" ಎಂದ ಮಾರ್ಕಪ್ಪ. ಅಣ್ಣ ಬಾಯಿ ತೆರೆಯುವ ಮೊದಲೇ ಅವನು ಮಾತಾಡಿದ್ದು ಅದೇ ಮೊದಲಿರಬೇಕು.

"ಹೂಂ ರೀ."

"ಮಂದಿ ನಗ್ತಾರ."

"ನಗಲಿ ಬಿಡ್ರಿ. ಐದು ಮಂದಿಗೂ ನಗ್ತಾರಲ್ಲ."

ಅವಳು ಮಾತು ಮುಗಿಸಿ ನಿಂತೇ ಇದ್ದಳು. ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದಾವಿದಪ್ಪ ಸರಿದು ಜಾಗ ಮಾಡಿದ. ಯಾರೂ ಏಳಲಿಲ್ಲ. ಸಿಸಿಲಿ ಜಮಖಾನೆಯ ಅಂಚಿಗೆ, ಮೊಣಕಾಲು ಒತ್ತಟ್ಟಿಗೆ ಮಡಚಿ ಕೂತಳು. ಕೂತ ಕೂಡಲೇ ನಿದ್ದೆ ಬಂದು ಕಣ್ಣು ಎಳೆಯಿತು.

"ಬಡಗ್ಯಾನ್ನ ಕರೀರಿ," ಎಂದ ಚೌರಪ್ಪಜ್ಜ.

*

ಗಂಟೆಯ ಹಗ್ಗಕ್ಕೆ ಐದು ಜೋಡಿ ಕೈ ಬಿದ್ದಾಗ ತಾಳ ತಪ್ಪಿ, ಗಂಟೆ ಒಮ್ಮೆ ಬೇಗ ಒಮ್ಮೆ ತಡವಾಗಿ ಹೊಡೆಯಿತು. ಬೀದಿಯ ಮರಾಠಿ ಹುಡುಗರು ನಕ್ಕರು. ಫಾದರ್ ಪ್ರಾರ್ಥನೆಯನ್ನು ಗಡಿಬಿಡಿ ಮಾಡದೆ ಹೇಳಿದರು. ಖಡಕಿಯ ಮದುವೆಯ ಮಾತು ಮತ್ತೆ ಎತ್ತಲಿಲ್ಲ.

ಪೆಟ್ಟಿಗೆ ರೈಲು ಹಳಿ ದಾಟಿ ಸಿಮಿತಿಗೆ, ತಮ್ಮವರ ಸ್ಮಶಾನಕ್ಕೆ, ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಗಂಡಸರು ಒಳಗೆ ಹೋದರು. ಹೆಂಗಸರು ಎಂದಿನ ಹಾಗೆ ಗೇಟಿನ ಹೊರಗೆ, ಗೋಡೆಯ ನೆರಳಲ್ಲಿ ನಿಂತರು. ಸಿಸಿಲಿಯೂ ಅವರ ನಡುವೆ ನಿಂತಳು. ಗೋದಾಬಾಯಿ ತಂಬಿಗೆಯಲ್ಲಿ ನೀರು ಕೊಟ್ಟರು. ಕುಡಿದಳು.

ಒಳಗೆ ಹಗ್ಗ ಹಿಡಿದವರು ಪೆಟ್ಟಿಗೆಯನ್ನು ಇಳಿಸಿದರು. ಆದರೆ ಯಾರೂ ಮಣ್ಣು ಹಾಕಲಿಲ್ಲ. ಫಾದರ್ ಪುಸ್ತಕದಿಂದ ತಲೆ ಎತ್ತಿ ಗೇಟಿನ ಕಡೆ ನೋಡಿದರು. ಪ್ರಕಾಸಪ್ಪನೂ ನೋಡಿದ. ಯಾರೂ ಕರೆಯಲಿಲ್ಲ.

"ನಡಿ," ಎಂದರು ಗೋದಾಬಾಯಿ. "ಮೊದಲನೇ ಮಣ್ಣು ನಿಮ್ದಲ್ಲೇನು, ಐದು ಮಂದೀದು? ನಿಮ್ಮತ್ತಿ ಹೋಗ್ತಿದ್ರಲ್ಲ."

ಸಿಸಿಲಿ ತಂಬಿಗೆ ಅವರ ಕೈಗೆ ಕೊಟ್ಟು ಗೇಟಿನೊಳಗೆ ಕಾಲಿಟ್ಟಳು. ಸಮಾಧಿಗಳ ನಡುವೆ ಕಾಯ್ದ ಮಣ್ಣು ಅಂಗಾಲು ಸುಟ್ಟಿತು. ಯಾವ ಕಡೆಯಿಂದ ಹೋಗಬೇಕೆಂದು ತಿಳಿಯದೆ ಒಂದು ಸಮಾಧಿ ಸುತ್ತಿ ಬಂದಳು. ಗುಣಿಯ ಅಂಚಿನಲ್ಲಿ ನಾಲ್ವರು ಸಾಲಾಗಿ ನಿಂತಿದ್ದರು. ಚೌರಪ್ಪಜ್ಜ ಮತ್ತು ದಾವಿದಪ್ಪನ ನಡುವೆ ಜಾಗ ಬಿಟ್ಟಿದ್ದರು. ಇಷ್ಟು ವರ್ಷ ಹೇಗೆ ಬಿಡುತ್ತಿದ್ದರೋ ಹಾಗೆಯೇ, ಬ್ರಿಜಿತವ್ವನ ಮೈ ಹಿಡಿಸುವಷ್ಟು. ಸಿಸಿಲಿ ಹೋಗಿ ಅಲ್ಲಿ ನಿಂತಳು. ನಿಂತ ಮೇಲೂ ಎರಡು ಬದಿಗೂ ಒಂದೊಂದು ಗೇಣು ಉಳಿಯಿತು. ಬಿಸಿಗಾಳಿ ಆ ಸಂದಿನಿಂದ ಹಾಯ್ದು ಅವಳ ಸೆರಗನ್ನು ಎತ್ತಿತು.